ದಸರೆ ದೀಪ: ಮರಕ್ಕೆ ಸರ ಕಟ್ಟುವ ಮುನ್ನ

ಪ್ರಶ್ನೆ: ದಸರೆಗೆ ನಮ್ಮ ಕಾಂಪೌಂಡಿನ ಹೊಂಗೆ ಮರಕ್ಕೆ ಸೀರಿಯಲ್ ಸೆಟ್ ಹಾಕಬೇಕೆಂದಿದ್ದೇವೆ. ಮರಕ್ಕೂ ಮನೆಯವರಿಗೂ ತೊಂದರೆಯಾಗದಂತೆ ಕಟ್ಟುವುದು ಹೇಗೆ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೊದಲು ತಲೆಯೆತ್ತಿ ನೋಡಿ. ಕೊಂಬೆಗಳ ಹತ್ತಿರ ವಿದ್ಯುತ್ ಲೈನ್ ಹಾದುಹೋಗಿದ್ದರೆ ಆ ಮರದ ಆಸೆ ಬಿಡಿ.

ದಸರೆ ಹೊತ್ತಿಗೆ ಮೈಸೂರಿನಲ್ಲಿ ಸಂಜೆ ಮಳೆ ಹೊಸತೇನಲ್ಲ. ಹೊರಾಂಗಣಕ್ಕೆಂದೇ ಮಾಡಿದ, ಐಪಿ 65 (ಧೂಳು, ಮಳೆನೀರು ಒಳಗಿಳಿಯದ) ಗುರುತಿನ ಎಲ್‌ಇಡಿ ಸರವನ್ನೇ ಕೊಳ್ಳಿ. ಅಪಾಯವಿರುವುದು ಬಲ್ಬಿಗಿಂತ ಹೆಚ್ಚಾಗಿ ಜಾಯಿಂಟ್‌ನಲ್ಲಿ. ಬರೀ ಟೇಪು ಸುತ್ತಿದ ಜಾಯಿಂಟ್‌ಗೆ ನೀರಿಳಿದರೆ ಒದ್ದೆ ತೊಗಟೆಗೂ ಕರೆಂಟ್ ಹರಿಯಬಹುದು. ಪ್ಲಗ್ಗು ಸಜ್ಜೆಯ ಕೆಳಗೆ, ನೆಲಕ್ಕೆ ತಾಗದಂತಿರಲಿ. ಅದಕ್ಕೆ ಸೇರುವ ಮುನ್ನ ವೈರನ್ನು ಸ್ವಲ್ಪ ಕೆಳಕ್ಕೆ ಜೋತುಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸ್ವಲ್ಪ ಸೋರಿದರೂ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಎಂಸಿಬಿ ಇದೆಯಲ್ಲ ಎನ್ನಬೇಡಿ. ಅದು ಓವರ್‌ಲೋಡ್, ಶಾರ್ಟ್‌ಗೆ ಟ್ರಿಪ್ ಆಗುತ್ತದೆಯೇ ಹೊರತು ಮೈಗೆ ಹರಿಯುವ ಸಣ್ಣ ಲೀಕೇಜಿಗಲ್ಲ.

ಮೊಳೆ, ಬೈಂಡಿಂಗ್ ವೈರು ಬೇಡವೇ ಬೇಡ. ಬುಡದಿಂದ ಮೇಲಕ್ಕೆ, ಸುತ್ತಿಗೂ ಸುತ್ತಿಗೂ 20 ಸೆಂ.ಮೀ. ಬಿಟ್ಟು, ಬೆರಳು ತೂರುವಷ್ಟು ಸಡಿಲವಾಗಿ ಸುತ್ತಿ, ಅಲ್ಲಲ್ಲಿ ಸೆಣಬಿನ ಹುರಿ ಕಟ್ಟಿ. 30 ಸೆಂ.ಮೀ. ವ್ಯಾಸದ ಕಾಂಡಕ್ಕೆ ಒಂದು ಸುತ್ತಿಗೆ ಸುಮಾರು 1 ಮೀಟರ್ ಹಿಡಿಯುತ್ತದೆ. 2 ಮೀಟರ್ ಎತ್ತರಕ್ಕೆ 10 ಮೀಟರ್ ಸರ ಸಾಕು. ಏಣಿ ಮರದ್ದೋ ಫೈಬರಿನದೋ ಆಗಿರಲಿ, ಅಲ್ಯೂಮಿನಿಯಂ ಬೇಡ.

ರಾತ್ರಿ ಹತ್ತಕ್ಕೆ ಆರಿಸಿ, ಹಕ್ಕಿಗಳೂ ಮಲಗಬೇಕು. ಅಳಿಲು ಕಚ್ಚಿದ ಸರವನ್ನು ಟೇಪು ಹಾಕಿ ಮತ್ತೆ ಬಳಸಬೇಡಿ. ವಿಜಯದಶಮಿ ಕಳೆದ ವಾರದೊಳಗೆ ಬಿಚ್ಚಿಬಿಡಿ. ದೀಪಾವಳಿಗೂ ಇರಲಿ ಎಂದವರು ಯುಗಾದಿಗೂ ಬಿಚ್ಚುವುದಿಲ್ಲ! ವರ್ಷಗಟ್ಟಲೆ ಹಾಗೇ ಬಿಟ್ಟರೆ ಕಾಂಡ ದಪ್ಪವಾದಂತೆ ವೈರು ತೊಗಟೆಯೊಳಗೆ ಹೂತು, ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ.