ಗುಡ್ಡದ ಮೇಲೆ ಟ್ಯಾಂಕ್ ಕಟ್ಟಿಸಿ ಕರೆಂಟು ಕೂಡಿಡಬಹುದಾ?

ಹಗಲು ಸೋಲಾರ್ ಪಂಪಿನಲ್ಲಿ ನೀರೆತ್ತಿ, ರಾತ್ರಿ ಅದನ್ನೇ ಇಳಿಸಿ ಟರ್ಬೈನ್ ತಿರುಗಿಸಿದರೆ ಬ್ಯಾಟರಿ ಖರ್ಚು ಉಳಿಯುತ್ತದೆ ಅಲ್ವಾ ಅಂತ ಕೇಳಿದ್ದೀರಿ. ಬೇಡ. ನಾನು ಕಟ್ಟಿಸಿ ನೋಡಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ. ಕರೆಂಟು ತಯಾರಿಸೋಕೆ ನೀರು ನಿಲ್ಲಿಸುವ ಲಿಂಗನಮಕ್ಕಿ ಅಣೆಕಟ್ಟು ನೋಡುತ್ತ ಬೆಳೆದವನು ನಾನು. ಎತ್ತರದಲ್ಲಿ ನೀರು ನಿಂತರೆ ಕರೆಂಟು ಕೈಯಲ್ಲೇ ಇದ್ದಂತೆ ಅಂತ ನಂಬಿದ್ದೆ. ಮನೆ ಹಿಂದಿನ ಗುಡ್ಡದಲ್ಲಿ, 20 ಮೀಟರ್ ಮೇಲೆ, 10,000 ಲೀಟರಿನ ಸಿಮೆಂಟ್ ಟ್ಯಾಂಕ್ ಕಟ್ಟಿಸಿದೆ. ಮೊದಲ ರಾತ್ರಿ ವಾಲ್ವ್ ತಿರುಗಿಸಿದಾಗ ಪೈಪು ಗಡಗಡ ಅಂದು, ಜಗಲಿಯ ಬಲ್ಬುಗಳೆಲ್ಲ ಹೊತ್ತಿಕೊಂಡವು. ಮಲಗಿದ್ದ ಅಪ್ಪಯ್ಯ ಎದ್ದು ಬಂದು ನೋಡಿದರು. ಅರ್ಧ ಗಂಟೆ ಆಗುತ್ತಿದ್ದ ಹಾಗೆ ಬೆಳಕು ಮಿಣುಕಿ ಆರಿಹೋಯಿತು. ಟ್ಯಾಂಕ್ ಖಾಲಿ.

ತಪ್ಪಾಗಿದ್ದು ಒಂದೇ ಕಡೆ. ನಾನು ವ್ಯಾಟ್ ಲೆಕ್ಕ ಹಾಕಿದ್ದೆ, ಯೂನಿಟ್ (1,000 ವ್ಯಾಟ್ ಒಂದು ಗಂಟೆ ಬಂದರೆ ಒಂದು ಯೂನಿಟ್) ಲೆಕ್ಕ ಹಾಕಿರಲಿಲ್ಲ. ಸೆಕೆಂಡಿಗೆ 5 ಲೀಟರ್ ನೀರು 20 ಮೀಟರ್ ಬಿದ್ದರೆ 980 ವ್ಯಾಟ್. ಅರ್ಧ ನಷ್ಟವಾದರೂ ಮನೆಗೆ ಸಾಕು ಅಂದುಕೊಂಡೆ. ಎಷ್ಟು ಹೊತ್ತಿಗೆ ಸಾಕು? ಅದನ್ನು ಕೇಳಿಕೊಳ್ಳಲೇ ಇಲ್ಲ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ ನೋಡಿ: 10,000 × 9.8 × 20, ಅಂದರೆ 19.6 ಲಕ್ಷ ಜೌಲ್. ಒಂದು ಯೂನಿಟ್ಟಿಗೆ ಬೇಕಾದ್ದು 36 ಲಕ್ಷ. ಹತ್ತು ಟನ್ ನೀರಲ್ಲಿ ಇದ್ದದ್ದು ಅರ್ಧ ಯೂನಿಟ್ ಚಿಲ್ಲರೆ. ಕೈಗೆ ಬಂದದ್ದು ಕಾಲು ಯೂನಿಟ್ ಚಿಲ್ಲರೆ, ಅಷ್ಟೇ.

ಹೋಲಿಸಿ ನೋಡಿ: ಬಚ್ಚಲ ಹಂಡೆಯ 50 ಲೀಟರ್ ನೀರನ್ನು 40 ಡಿಗ್ರಿ ಬಿಸಿ ಮಾಡಿದರೆ ಅದರಲ್ಲಿ 2.3 ಯೂನಿಟ್ ಶಾಖ ಕೂತಿರುತ್ತದೆ! ಅದರಿಂದ ಬಲ್ಬು ಉರಿಸೋಕೆ ಆಗಲ್ಲ, ಬಿಡಿ. ಆದರೆ 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಬಾಳಿಕೆ ಬರಲಿ ಅಂತ ಅರ್ಧ ಮಾತ್ರ ಬಳಸಿದರೂ ನನ್ನ ಟ್ಯಾಂಕಿನ ಮೂರು ಪಟ್ಟು ಜಾಸ್ತಿ. ಲಿಂಗನಮಕ್ಕಿಯ ಲೆಕ್ಕ ನಮ್ಮ ಮನೆಗೆ ಹೊಂದಲ್ಲ. ಅಲ್ಲಿ ನಿಲ್ಲುವುದು 151 ಟಿಎಂಸಿ ನೀರು.

ಅಷ್ಟಕ್ಕೂ ನೀವು ಕೂಡಿಡೋದು ಯಾಕೆ? ಸಂಕ್ರಾಂತಿವರೆಗೂ ಹಳ್ಳ ಹರಿಯುತ್ತದೆ ಅಂತ ನೀವೇ ಬರೆದಿದ್ದೀರಿ. ಆ ನೀರನ್ನೇ ಪೈಪಿನಲ್ಲಿ ನೇರ ಟರ್ಬೈನಿಗೆ ಕೊಡಿ. ನನ್ನ ಟ್ಯಾಂಕಿನಿಂದ ಅರ್ಧ ಗಂಟೆ ಬಂದ ಅದೇ 490 ವ್ಯಾಟ್ ಹಗಲೂ ರಾತ್ರಿ ಬಂದರೆ ದಿನಕ್ಕೆ ಹನ್ನೊಂದು ಯೂನಿಟ್ಟಿಗೂ ಜಾಸ್ತಿ. ಆಷಾಢದ ಮೋಡದಲ್ಲಿ ಸೋಲಾರ್ ಪಂಪು ಕೈಕೊಡುತ್ತದೆ. ಹಳ್ಳ ತುಂಬಿ ಹರಿಯೋದು, ಲೈನ್ ಹೋಗೋದು ಎರಡೂ ಅದೇ ತಿಂಗಳಲ್ಲಿ. ಬೇಸಿಗೆಗೆ ಒಂದು ಪ್ಯಾನೆಲ್, ಒಂದು ಬ್ಯಾಟರಿ ಸಾಕು.

ಗಾರೆಯವರಿಗೆ ಮುಂಗಡ ಕೊಡುವ ಮೊದಲು ಹಳ್ಳದ ನೀರನ್ನು ಪೈಪಿನಿಂದ 20 ಲೀಟರಿನ ಬಕೆಟ್ಟಿಗೆ ಬಿಟ್ಟು, ಎಷ್ಟು ಸೆಕೆಂಡಲ್ಲಿ ತುಂಬುತ್ತದೆ ನೋಡಿ. ಅದನ್ನೂ ಎತ್ತರವನ್ನೂ ಇಲ್ಲಿ ಬರೆಯಿರಿ, ನಾನೇ ಲೆಕ್ಕ ಹಾಕಿ ಹೇಳುತ್ತೇನೆ.