ಮೊಬೈಲ್ ಕಿತ್ತುಕೊಂಡರೆ ತಮ್ಮ ಸರಿಹೋಗುತ್ತಾನಾ?

ಪ್ರಶ್ನೆ: ಅಕ್ಕಾ, ನನ್ನ ತಮ್ಮನಿಗೆ 19 ವರ್ಷ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟಿದ್ದಾನೆ. ಚಂಡೆ ಕಲಿಯಲು ಹೋಗುತ್ತಿದ್ದ, ಅದೂ ನಿಂತಿದೆ. ರಾತ್ರಿಯಿಡೀ ಮೊಬೈಲಿನಲ್ಲಿ ಯಾವುದೋ ಗುಂಪು. ಇನ್ನೊಂದು ಧರ್ಮದವರನ್ನು ಹೊಡೆದೋಡಿಸಬೇಕು ಅಂತಾನೆ. ಅಪ್ಪ ಬೈದರೆ ಊಟ ಬಿಟ್ಟು ಏಳುತ್ತಾನೆ. ಮೊಬೈಲ್ ಕಿತ್ತುಕೊಳ್ಳಲಾ? ಪೊಲೀಸರಿಗೆ ಹೇಳಿದರೆ ಅವನ ಜೀವನ ಹಾಳಾಗುವುದಿಲ್ವಾ?
– ಹೆಸರು ಬೇಡ, ಅಂಕೋಲಾ

ಉತ್ತರ: ಕಿತ್ತುಕೊಳ್ಳಬೇಡ ತಂಗೀ. ನಾಳೆ ಗೆಳೆಯನ ಮೊಬೈಲ್ ಸಿಗುತ್ತದೆ, ನಿನ್ನ ಹತ್ತಿರ ಮಾತಾಡುವುದು ಮಾತ್ರ ನಿಲ್ಲುತ್ತದೆ. ಊಟದ ಹೊತ್ತಿಗೆ ಈ ವಿಷಯ ಎತ್ತಬೇಡಿ ಅಂತ ಅಪ್ಪನಿಗೂ ಹೇಳು. ಕಾರವಾರದಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದವಳು ನಾನು. ಎಲ್ಲರೆದುರು ಬೈಸಿಕೊಂಡು ತಪ್ಪಾಯ್ತು ಅಂದ ಹುಡುಗನನ್ನು ಕಂಡಿಲ್ಲ.

ನನಗೆ ಜಾಸ್ತಿ ಚಿಂತೆಯಾಗಿದ್ದು ಬಿಟ್ಟ ಡಿಪ್ಲೊಮಾ, ಬಿಟ್ಟ ಚಂಡೆ ಓದಿ. ಹಗಲು ಅವನಿಗೆ ಕೆಲಸವಿಲ್ಲ, ಕೇಳುವವರಿಲ್ಲ. ರಾತ್ರಿ ಆ ಗುಂಪಿನವರು ನೀನು ಬೇಕು ಅಂತಾರೆ.

ಇಂಥ ಹುಡುಗರಿಗೆ ಬೇರೆ ದೇಶಗಳಲ್ಲಿ ಏನು ಮಾಡಿದರು ಕೇಳು. ಡೆನ್ಮಾರ್ಕಿನ ಆರ್ಹುಸ್ ನಗರದಿಂದ ಸುಮಾರು 30 ಯುವಕರು ಸಿರಿಯಾ ಯುದ್ಧಕ್ಕೆ ಹೋಗಿದ್ದರು. ಅಲ್ಲಿನ ಪೊಲೀಸರು, ನಗರಾಡಳಿತದವರು ಒಟ್ಟಿಗೆ ಕೂತರು. ಮರಳಿ ಬಂದವರಲ್ಲಿ ಅಪರಾಧ ಮಾಡಿದವರಿಗೆ ಕೇಸು ಇದ್ದೇ ಇತ್ತು. ಉಳಿದವರಿಗೆ, ಅವರು ಒಪ್ಪಿದರೆ, ಒಬ್ಬ ಜೊತೆಗಾರ. ಓದು, ಕೆಲಸ, ಮನೆ ಹುಡುಕಲು ನೆರವು. ತಂದೆತಾಯಿಗಳಿಗೂ ಸಲಹೆ. ದ್ವೇಷದ ಗುಂಪು ಬಿಟ್ಟು ಬರುವವರಿಗೆ ನೆರವಾಗುವ ಜರ್ಮನಿಯ ಎಕ್ಸಿಟ್ ಸಂಸ್ಥೆಯವರದು ಇನ್ನೂ ಮಜಾ. 2011ರಲ್ಲಿ ನವನಾಜಿಗಳ, ಅಂದರೆ ಈಗಲೂ ಹಿಟ್ಲರನ ದಾರಿ ಹಿಡಿದವರ, ಸಂಗೀತ ಕೂಟದಲ್ಲಿ ತಲೆಬುರುಡೆ ಚಿತ್ರದ ಟೀ ಶರ್ಟ್ ಪುಕ್ಕಟೆ ಹಂಚಿಸಿದರು. ಒಗೆದಾಗ ಬುರುಡೆ ಹೋಯಿತು, ಅಡಿಯಲ್ಲಿ ಬೇರೆ ಬರಹ: ನಿನ್ನ ಅಂಗಿ ಮಾಡಿದ್ದನ್ನು ನೀನೂ ಮಾಡಬಲ್ಲೆ, ಹೊರಬರಲು ನಾವು ನೆರವಾಗುತ್ತೇವೆ. ಎಕ್ಸಿಟ್ ಶುರುಮಾಡಿದ ಇಬ್ಬರಲ್ಲಿ ಒಬ್ಬ ಮಾಜಿ ಪೊಲೀಸ್ ಅಧಿಕಾರಿ, ಇನ್ನೊಬ್ಬ ಹಿಂದೆ ನವನಾಜಿಯೇ ಆಗಿದ್ದವನು!

ನಿನ್ನ ತಮ್ಮನಿಗೆ ಆ ಜೊತೆಗಾರ ಯಾರು? ನನಗೆ ಹೊಳೆದದ್ದು ಚಂಡೆ ಕಲಿಸಿದವರು. ಹೋಗಿ ಕೇಳು. ಒಂದು ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗಲಿ, ಸಾಮಾನು ಹೊರಲಿಕ್ಕಾದರೂ ಸರಿ. ಗುಂಪಿನ ಮಾತು ಅವರಾಗಿ ಎತ್ತುವುದು ಬೇಡ. ಡಿಪ್ಲೊಮಾದ್ದು ಎಷ್ಟು ವಿಷಯ ಬಾಕಿ, ಮತ್ತೆ ಸೇರಿಸಿಕೊಳ್ಳುತ್ತಾರಾ ಅಂತ ಕಾಲೇಜಿಗೆ ಹೋಗಿ ನೀನೇ ವಿಚಾರಿಸು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಅವನಿಗೆ ಹೇಳು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನು ಮಾಡದಿದ್ದರೆ ನೀನು ಮಾಡು, ತಮ್ಮ ನಿದ್ದೆಗೆಡುತ್ತಿದ್ದಾನೆ ಅಂತಲೇ ಶುರುಮಾಡು.

ಇನ್ನು ಪೊಲೀಸರ ವಿಷಯ. ಸುಮ್ನೆ ಕೂಗಾಡುವುದು ಬೇರೆ. ಮನೆಯಲ್ಲಿ ಆಯುಧ ಕಂಡರೆ, ಇಂಥವರನ್ನು ಇಂಥ ದಿನ ಅಂತ ಮಾತು ಕಿವಿಗೆ ಬಿದ್ದರೆ, ಯೋಚಿಸುತ್ತ ಕೂರಬೇಡ. 112ಕ್ಕೆ ಕರೆ ಮಾಡು. ಯಾರಿಗೋ ಏಟು ಬಿದ್ದ ಮೇಲಿನ ಕೇಸು ನಿನ್ನ ತಮ್ಮನಿಗೂ ದೊಡ್ಡದೇ. ಇದನ್ನು ಅಪ್ಪ ಅಮ್ಮನಿಗೆ ಈಗಲೇ ಹೇಳಿಡು, ಆ ಹೊತ್ತಿಗೆ ಮನೆಯಲ್ಲಿ ವಾದ ಬೇಡ.