ಹುಲಿಯನ್ನು ಬೆಕ್ಕು ಮಾಡುವ ಮುನ್ನ

ನಮಸ್ಕಾರ.

ನೀವು ಕಳುಹಿಸಿದ ‘ದೈತ್ಯ ಬೇಟೆಗಾರರು: ಅಂದು, ಇಂದು’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಬಹುದಿತ್ತು, ಮನಸ್ಸಾಗಲಿಲ್ಲ. ನಿಮ್ಮ ವಾಕ್ಯಗಳಿಗೆ ಓಟವಿದೆ, ಪ್ರಾಣಿಗಳ ಮೇಲೆ ನಿಜವಾದ ಪ್ರೀತಿಯೂ ಇದೆ. ಕೆಟ್ಟಿರುವುದು ಅಂಕಿಗಳು. ಇಡೀ ಲೇಖನ ನಿಂತಿರುವುದೇ ಅಂಕಿಗಳ ಮೇಲೆ ಎಂಬುದು ತೊಂದರೆ.

ಆರಂಭದ ಸಾಲನ್ನೇ ನೋಡಿ: ‘ಆ ಕಾಲದ ಕತ್ತಿಹಲ್ಲಿನ ಬೇಟೆಗಾರನ ಮುಂದೆ ನಮ್ಮ ಬಂಡೀಪುರದ ಹುಲಿ ಬರೀ ಬೆಕ್ಕು!’ ಚಪ್ಪಾಳೆ ಗಿಟ್ಟಿಸುವ ಸಾಲು, ಆದರೆ ಸುಳ್ಳು. ಲಾಸ್ ಏಂಜಲೀಸಿನ ಡಾಂಬರು ಹೊಂಡಗಳಲ್ಲಿ ರಾಶಿರಾಶಿಯಾಗಿ ಮೂಳೆ ಸಿಕ್ಕಿರುವ ಸ್ಮೈಲೊಡಾನ್ ಫೇಟಾಲಿಸ್ ಎಂಬ ಕತ್ತಿಹಲ್ಲಿನ ಪ್ರಾಣಿ 160ರಿಂದ 280 ಕಿಲೊ ತೂಗುತ್ತಿತ್ತೆಂದು ಅಂದಾಜು. ಬೆಳೆದ ಗಂಡು ಬಂಗಾಳ ಹುಲಿ ಸಾಮಾನ್ಯವಾಗಿ 180ರಿಂದ 260 ಕಿಲೊ. ಇವೆರಡನ್ನು ತಕ್ಕಡಿಗೆ ಹಾಕಿದರೆ ಯಾವ ತಟ್ಟೆ ಕೆಳಗಿಳಿಯುತ್ತದೆ ಎಂದು ಪಣ ಕಟ್ಟುವ ಧೈರ್ಯ ನನಗಿಲ್ಲ. ದಕ್ಷಿಣ ಅಮೆರಿಕದ ಸ್ಮೈಲೊಡಾನ್ ಪಾಪ್ಯುಲೇಟರ್ ನಿಜಕ್ಕೂ ದೊಡ್ಡದು, 220ರಿಂದ 400 ಕಿಲೊ. ನೀವು ಅದರ 400ನ್ನು ಎತ್ತಿಕೊಂಡು ಹುಲಿಗೆ 150 ಕೊಟ್ಟಿದ್ದೀರಿ. 150 ಎಂಬುದು ಹೆಣ್ಣು ಹುಲಿಯ ತೂಕ. ಆಚೆ ಮನೆಯ ಪೈಲ್ವಾನನ ಪಕ್ಕಕ್ಕೆ ಈಚೆ ಮನೆಯ ಹೈಸ್ಕೂಲು ಹುಡುಗಿಯನ್ನು ನಿಲ್ಲಿಸಿ ಎರಡು ಮನೆತನಗಳ ಮೈಕಟ್ಟು ಹೋಲಿಸಿದ ಹಾಗಾಯಿತು.

ಮೊದಲ ಪುಟದಲ್ಲಿ ಬೆಕ್ಕಾಗಿದ್ದ ಆ ಹುಲಿಯೇ ಮೂರನೆಯ ಪುಟದ ಕೋಷ್ಟಕದಲ್ಲಿ 389 ಕಿಲೊ ಆಗಿಬಿಟ್ಟಿದೆ! ಈ ಅಂಕಿ ಎಲ್ಲಿಂದ ಬಂತೆಂದು ನೀವು ಹುಡುಕಿದ್ದರೆ ಒಳ್ಳೆಯ ಪ್ಯಾರಾ ಒಂದು ಸಿಗುತ್ತಿತ್ತು. 1967ರಲ್ಲಿ ಉತ್ತರ ಪ್ರದೇಶದಲ್ಲಿ ಅಮೆರಿಕದ ಬೇಟೆಗಾರನೊಬ್ಬ ಹೊಡೆದ ಹುಲಿ ಅದು. ಹಿಂದಿನ ರಾತ್ರಿಯಷ್ಟೇ ಎಮ್ಮೆಯ ಕರುವೊಂದನ್ನು ತಿಂದಿತ್ತು. ಹುಲಿ ಒಂದೇ ರಾತ್ರಿಯಲ್ಲಿ 30 ಕಿಲೊವರೆಗೆ ಮಾಂಸ ತಿನ್ನಬಲ್ಲದು, ಹಾಗಾಗಿ ಆ 389ರಲ್ಲಿ ಹುಲಿ ಎಷ್ಟು, ಎಮ್ಮೆಗರು ಎಷ್ಟು ಎಂದು ಬಿಡಿಸುವುದು ಕಷ್ಟ. ಉದ್ದದ ಕಥೆ ಇನ್ನೂ ಸ್ವಾರಸ್ಯದ್ದು. ಶಿಕಾರಿಯವರು ಹುಲಿಯನ್ನು ಎರಡು ಬಗೆಯಲ್ಲಿ ಅಳೆಯುತ್ತಿದ್ದರು. ಮೂತಿಯ ಬಳಿ ಒಂದು, ಬಾಲದ ತುದಿಯ ಬಳಿ ಒಂದು ಗೂಟ ನೆಟ್ಟು ನಡುವಿನ ನೇರ ಅಂತರ ಹಿಡಿಯುವುದು ಒಂದು ಬಗೆ. ಮೂತಿಯಿಂದ ಬಾಲದವರೆಗೆ ಬೆನ್ನಿನ ಏರಿಳಿತಗಳ ಮೇಲೆಯೇ ಟೇಪು ಹಾಸುವುದು ಇನ್ನೊಂದು. ಈ ಹುಲಿ ಗೂಟದ ಲೆಕ್ಕದಲ್ಲಿ 3.22 ಮೀಟರ್, ಟೇಪಿನ ಲೆಕ್ಕದಲ್ಲಿ 3.38. ಸತ್ತ ಮೇಲೂ 16 ಸೆಂಟಿಮೀಟರ್ ಬೆಳೆಯಿತು! ಹಳೆಯ ಶಿಕಾರಿ ಪುಸ್ತಕಗಳಿಂದ ನೀವು ಎತ್ತಿರುವ ಉದ್ದಗಳು ಯಾವ ಬಗೆಯವು? ಹೇಳಿಲ್ಲ.

ಮುಂದಿಟ್ಟುಕೊಂಡು ಅಳೆದ ಪ್ರಾಣಿಯ ಪಾಡೇ ಹೀಗಿರುವಾಗ, ಹೆಚ್ಚಾಗಿ ಹಲ್ಲು ಮಾತ್ರ ಉಳಿಸಿಹೋದ ಮೆಗಲೊಡಾನ್ ಶಾರ್ಕಿಗೆ ‘18 ಮೀಟರ್’ ಎಂದು ಒಂದೇ ಏಟಿಗೆ ಬರೆದುಬಿಡಬಹುದೇ? ಶಾರ್ಕುಗಳ ಅಸ್ಥಿಪಂಜರ ಮೃದ್ವಸ್ಥಿಯದು. ಕೊಳೆತು ಹೋಗುತ್ತದೆ. ಹಲ್ಲು ಉಳಿಯುತ್ತದೆ, ಅಪರೂಪಕ್ಕೆ ಬೆನ್ನೆಲುಬಿನ ಮಣಿಗಳು. 1909ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಅದರ ದವಡೆಯನ್ನು ಮರುಸೃಷ್ಟಿಸಿದಾಗ ಹಿಂದಿನ ಪುಟ್ಟ ಹಲ್ಲುಗಳ ಜಾಗಕ್ಕೂ ದೊಡ್ಡ ಹಲ್ಲುಗಳನ್ನೇ ಕೂರಿಸಿದರು. ಆ ದವಡೆಗೆ ತಕ್ಕ ಮೈ ಎಂದರೆ 30 ಮೀಟರ್. 1973ರಲ್ಲಿ ಹಲ್ಲಿನ ಎನಾಮಲ್‌ನ ಎತ್ತರವನ್ನು ಆಧರಿಸಿದ ಲೆಕ್ಕ ಅದನ್ನು 13 ಮೀಟರಿಗೆ ಇಳಿಸಿತು. 2020ರಲ್ಲಿ 16 ಎಂದರು. 2025ರ ಅಧ್ಯಯನವೊಂದು ಬಿಳಿ ಶಾರ್ಕಿನಂತೆ ದಪ್ಪನಾಗಿರದ, ತೆಳ್ಳಗೆ ಉದ್ದನೆಯ ಮೈಯನ್ನು ಊಹಿಸಿ 24 ಮೀಟರಿಗೆ ಏರಿಸಿದೆ. ಶಾರ್ಕು ಅದೇ. ಬದಲಾದದ್ದು ಅದನ್ನು ಹೇಗೆ ಲೆಕ್ಕ ಹಾಕುತ್ತೇವೆ, ಯಾವ ಜೀವಂತ ಮೀನಿಗೆ ಹೋಲಿಸುತ್ತೇವೆ ಎಂಬುದು.

ಕೋಷ್ಟಕದ ಮೇಲ್ಭಾಗದಲ್ಲಿ ಎರಡು ಟಿರನೊಸಾರಸ್ ಡೈನೊಸಾರ್‌ಗಳಿಗೆ ರ‍್ಯಾಂಕು ಕೊಟ್ಟಿದ್ದೀರಿ: ಕೆನಡಾದ ‘ಸ್ಕಾಟಿ’ ಪ್ರಥಮ, ಅಮೆರಿಕದ ‘ಸೂ’ ದ್ವಿತೀಯ. ಅಂತರ ಸುಮಾರು 400 ಕಿಲೊ. ತೊಡೆಮೂಳೆಯ ಸುತ್ತಳತೆಯಿಂದ ತೂಕ ಕಟ್ಟುವ ಆ ವಿಧಾನದಲ್ಲಿ ನೂರಕ್ಕೆ ಸುಮಾರು 25ರಷ್ಟು ಹೆಚ್ಚುಕಡಿಮೆಯಾಗುವ ಅವಕಾಶವಿದೆ. ಎಂಟೂವರೆ ಟನ್ನಿನ ಪ್ರಾಣಿಯಲ್ಲಿ ಅದು ಎರಡು ಟನ್ನಿಗೂ ಹೆಚ್ಚು. ಈ ಸ್ಪರ್ಧೆಯ ಫಲಿತಾಂಶವನ್ನು ತಡೆಹಿಡಿಯಿರಿ. ಇದೇ ಜಾಗದಲ್ಲಿ ಒಂದು ಸಾಲು ಪೌಂಡಿನಲ್ಲಿ, ಮುಂದಿನದು ಟನ್ನಿನಲ್ಲಿ, ಅದರ ಮುಂದಿನದು ಅಡಿಯಲ್ಲಿದೆ. ಓದುಗರು ಕ್ಯಾಲ್ಕುಲೇಟರ್ ಹಿಡಿದು ಕೂರುವುದಿಲ್ಲ.

ಟೈಟನೊಬೊವಾ ಎಂಬ ಪ್ರಾಚೀನ ದೈತ್ಯ ಹಾವಿನ ಬಗೆಗಿನ ಒಂದು ಲೆಕ್ಕದ ತಪ್ಪನ್ನಂತೂ ಬಿಡುವಂತಿಲ್ಲ. ‘ಟೈಟನೊಬೊವಾ ಅನಕೊಂಡದ ಎರಡರಷ್ಟು ಉದ್ದ, ಆದ್ದರಿಂದ ತೂಕವೂ ಎರಡರಷ್ಟು’ ಎಂದಿದ್ದೀರಿ. ಅದೇ ಮೈಕಟ್ಟಿನ ಪ್ರಾಣಿಯ ಉದ್ದ ದುಪ್ಪಟ್ಟಾದರೆ ಅಗಲವೂ ದಪ್ಪವೂ ದುಪ್ಪಟ್ಟಾಗುತ್ತವೆ. ಎರಡನ್ನು ಮೂರು ಸಲ ಗುಣಿಸಿ, ತೂಕ ಎಂಟು ಪಟ್ಟು. ಕೊಲಂಬಿಯಾದ ಕಲ್ಲಿದ್ದಲ ಗಣಿಯಲ್ಲಿ ಸಿಕ್ಕ ಟೈಟನೊಬೊವಾಕ್ಕೆ 2009ರಲ್ಲಿ ಕೊಟ್ಟ ಅಂದಾಜು ಸುಮಾರು 13 ಮೀಟರ್, 1,135 ಕಿಲೊ. ಅರ್ಧ ಉದ್ದದ, ಅಂದರೆ ಆರೂವರೆ ಮೀಟರಿನ ಹಾವಿಗೆ ಎಂಟರಿಂದ ಭಾಗಿಸಿದರೆ 140 ಕಿಲೊ ಚಿಲ್ಲರೆ ಬರುತ್ತದೆ. ಇಷ್ಟು ಬರೆದಿದ್ದರೆ ಹತ್ತನೇ ತರಗತಿಯ ಓದುಗನೂ ಕಣ್ಣರಳಿಸುತ್ತಿದ್ದ. ನೀವು ಪ್ರತಿ ಪ್ಯಾರಾದಲ್ಲೂ ಬಳಸಿರುವ ‘ಬೃಹದಾಕಾರದ’, ‘ಮೈನಡುಗಿಸುವ’ ಎಂಬ ವಿಶೇಷಣಗಳಿಂದ ಆ ಕೆಲಸ ಆಗುವುದಿಲ್ಲ.

ಈಗ ನನಗೆ ಬೇಕಾದ ಲೇಖನದ ವಿಚಾರ. ಅದು ನಿಮ್ಮ ಕೋಷ್ಟಕದ ಹನ್ನೊಂದನೆಯ ಸಾಲಿನಲ್ಲಿ ಹುದುಗಿದೆ: ‘ವಾಸುಕಿ, ಭಾರತ, 15 ಮೀಟರ್’. ಅಷ್ಟೇ! ಗುಜರಾತಿನ ಕಛ್‌ನಲ್ಲಿ ಪಾನಂಧ್ರೊ ಲಿಗ್ನೈಟ್ ಗಣಿಯಿದೆ. ಅಲ್ಲಿ 2005ರಲ್ಲಿ ಸಿಕ್ಕ ಮೂಳೆಗಳನ್ನು ಮೊಸಳೆಯದೆಂದು ಬಗೆದು ವರ್ಷಗಟ್ಟಲೆ ಬದಿಗಿಟ್ಟಿದ್ದರು. ರೂರ್ಕಿಯ ಐಐಟಿಯ ದೇಬಜಿತ್ ದತ್ತಾ ಮತ್ತು ಸುನಿಲ್ ಬಾಜಪೇಯಿ ಅವನ್ನು ಪರಿಶೀಲಿಸಿ, ಹಾವಿನದೆಂದು ಗುರುತಿಸಿ, 2024ರಲ್ಲಿ ‘ವಾಸುಕಿ ಇಂಡಿಕಸ್’ ಎಂದು ಹೆಸರಿಟ್ಟರು. ವಯಸ್ಸು ಸುಮಾರು 4.7 ಕೋಟಿ ವರ್ಷ. ಕೈಯಲ್ಲಿದ್ದದ್ದು 27 ಬೆನ್ನುಮೂಳೆಗಳು. ತಲೆಬುರುಡೆ ಇಲ್ಲ, ಹಲ್ಲಿಲ್ಲ. ಅತಿ ದೊಡ್ಡ ಮೂಳೆಯ ಅಗಲ 11 ಸೆಂಟಿಮೀಟರ್, ಅಂಗೈಗಿಂತ ತುಸು ಹೆಚ್ಚು. ಅದನ್ನು ಹಿಡಿದು ಹಾವಿನ ಉದ್ದ ಹೇಳಬೇಕು. ಇಂದಿನ ಹಾವುಗಳಲ್ಲಿ ಮೂಳೆಯ ಅಗಲಕ್ಕೂ ಮೈಯುದ್ದಕ್ಕೂ ಇರುವ ಸಂಬಂಧದಿಂದ ಕಟ್ಟಿದ ಒಂದು ಸೂತ್ರ 10.9ರಿಂದ 12.2 ಮೀಟರ್ ಎಂದಿತು, ಇನ್ನೊಂದು, 14.5ರಿಂದ 15.2. ಆ ವಂಶದ ಹಾವು ಇಂದು ಒಂದೂ ಬದುಕಿಲ್ಲ, ಆದ್ದರಿಂದ ಹೋಲಿಕೆ ದೂರದ ನೆಂಟರೊಂದಿಗೆ. ಅಂದಾಜುಗಳನ್ನು ಎಚ್ಚರದಿಂದ ನೋಡಬೇಕೆಂದು ಸಂಶೋಧಕರೇ ಹೇಳಿದ್ದಾರೆ. ನೀವು ಆ ನಾಲ್ಕು ಸಂಖ್ಯೆಗಳಲ್ಲಿ ತುದಿಯದೊಂದನ್ನು ಕಿತ್ತುಕೊಂಡು ‘ಟೈಟನೊಬೊವಾವನ್ನು ಸೋಲಿಸಿದ ಭಾರತದ ಹಾವು’ ಎಂದು ಜಯಘೋಷ ಹಾಕಿದ್ದೀರಿ. ಮೊದಲ ಸೂತ್ರ ಸರಿಯಾಗಿದ್ದರೆ ಸೋತದ್ದು ವಾಸುಕಿ.

ಇಂತಿಷ್ಟರಿಂದ ಇಂತಿಷ್ಟು ಎಂದು ಬರೆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತದೆ ಎಂಬ ಅಂಜಿಕೆ ಹೊಸ ಲೇಖಕರಲ್ಲಿ ಸಾಮಾನ್ಯ. ಎರಡು ಉತ್ತರ ಏಕೆ ಬಂದವು ಎಂದು ಬಿಡಿಸಿ ಹೇಳಿದರೆ ಆ ಮಾತು ಬರುವುದಿಲ್ಲ.

ಹಾಗಾಗಿ ಕೋಷ್ಟಕ ಬೇಡ, ಉಳಿದ ಪ್ರಾಣಿಗಳೂ ಬೇಡ. ವಾಸುಕಿ ಒಂದೇ ಸಾಕು, ಅಳತೆಗೆ ಜೊತೆಯಾಗಿ ಟೈಟನೊಬೊವಾ ಇರಲಿ. ಸಾವಿರ ಪದ ದಾಟದಿರಲಿ. ಮನುಷ್ಯನ ನೆರಳಿನ ಪಕ್ಕ ಹಾವನ್ನು ನಿಲ್ಲಿಸುವ ಆ ಕಪ್ಪು ಚಿತ್ರ ಬೇಡ. ಅದರಲ್ಲಿ 15 ಮೀಟರಿನ ಹಾವನ್ನು ಬಿಟ್ಟರೆ 11 ಮೀಟರಿನದು ಇಲ್ಲವೇ ಇಲ್ಲ. ಎರಡನ್ನೂ ಒಂದರ ಕೆಳಗೊಂದು ಬರೆಸುವುದಾದರೆ ನಮ್ಮ ಕಲಾವಿದರಿಗೇ ಹೇಳುತ್ತೇನೆ. ‘ಪ್ರಕೃತಿಯ ಮುಂದೆ ಮನುಷ್ಯ ಎಷ್ಟು ಅಲ್ಪ’ ಎಂಬ ಕೊನೆಯ ಪ್ಯಾರಾವನ್ನು ದಯವಿಟ್ಟು ಹೊಡೆದುಹಾಕಿ. ತಿಂಗಳೊಳಗೆ ಬಂದರೆ ಮುಂದಿನ ವಿಜ್ಞಾನ ಪುಟಕ್ಕೆ ಜಾಗ ಕಾಯ್ದಿರಿಸುತ್ತೇನೆ. ಯುನಿಕೋಡ್‌ನಲ್ಲಿ ಕಳುಹಿಸಿ; ಕಳೆದ ಸಲದಂತೆ ಪಿಡಿಎಫ್ ಬೇಡ, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ತೆರೆದುಕೊಂಡವು.